ಗ್ಲೌಸ್ ತಂದ ಸರ್ಜನ್ನರ ಗುಟ್ಟು

ಆಪರೇಷನ್ ಥಿಯೇಟರಿಗೆ ರಬ್ಬರ್ ಗ್ಲೌಸ್ ತಂದವರಲ್ಲಿ ಪ್ರಮುಖರು ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್. ನರ್ಸಿಂಗ್ ಓದುತ್ತಿರುವ ನಾನು ಪರೀಕ್ಷೆಗಾಗಿ ಇಷ್ಟನ್ನು ಬಾಯಿಪಾಠ ಮಾಡಿದ್ದೆ. ಅವರು ಹತ್ತಾರು ವರ್ಷ ಮಾರ್ಫಿನ್ ಚುಚ್ಚಿಕೊಳ್ಳುತ್ತಿದ್ದರೆಂದು ನಮ್ಮ ನೋಟ್ಸ್‌ನಲ್ಲಿ ಇರಲಿಲ್ಲ.

ಹುಟ್ಟಿದ್ದು 1852ರಲ್ಲಿ, ನ್ಯೂಯಾರ್ಕಿನಲ್ಲಿ. ಕೊಕೇನ್ ಹಾಕಿದರೆ ಕಣ್ಣು ಮರಗಟ್ಟುತ್ತದೆ ಎಂಬ ಸುದ್ದಿ 1884ರಲ್ಲಿ ಯುರೋಪಿನಿಂದ ಬಂದಾಗ ಹಾಲ್‌ಸ್ಟೆಡ್ ಮತ್ತು ಸಂಗಡಿಗರು ತಮ್ಮ ನರಗಳಿಗೇ ಅದನ್ನು ಚುಚ್ಚಿಕೊಂಡು ನೋಡಿದರು. ಬೇಕಾದ ಭಾಗವನ್ನಷ್ಟೇ ಮರಗಟ್ಟಿಸುವ ವಿಧಾನ ಸಿಕ್ಕಿತು, ಚಟವೂ ಹತ್ತಿತು. ಬಿಡಿಸಲೆಂದು ಕೊಟ್ಟ ಮಾರ್ಫಿನ್ ಇನ್ನೊಂದು ಚಟವಾಯಿತು.

1890ರಲ್ಲಿ ಅವರು ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮುಖ್ಯ ಸರ್ಜನ್. ಸಹೋದ್ಯೋಗಿ ವಿಲಿಯಂ ಆಸ್ಲರ್ ಗುಟ್ಟಾಗಿ ಬರೆದಿಟ್ಟ ಪ್ರಕಾರ, ಅವರಿಗೆ ದಿನಕ್ಕೆ ಮೂರು ಗ್ರೇನ್, ಅಂದರೆ ಸುಮಾರು 200 ಮಿಲಿಗ್ರಾಂ ಮಾರ್ಫಿನ್ ಬೇಕಿತ್ತು. ಅಭ್ಯಾಸವಿಲ್ಲದವರ ಉಸಿರು ನಿಲ್ಲಿಸಬಲ್ಲ ಪ್ರಮಾಣ! ಅದನ್ನು ತೆಗೆದುಕೊಂಡೇ ಅವರು ಸೂಕ್ಷ್ಮ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು, ಶಿಷ್ಯರನ್ನು ತಯಾರು ಮಾಡುತ್ತಿದ್ದರು. ಹೇಗೆ?

ಉತ್ತರದ ಬಾಗಿಲು ತೆರೆದದ್ದು ಅದೇ ಜಾನ್ಸ್ ಹಾಪ್ಕಿನ್ಸ್‌ನಲ್ಲಿ, 1973ರಲ್ಲಿ. ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ಮಾರ್ಫಿನ್‌ನಂಥ ಔಷಧಗಳು ಮಿದುಳಿನಲ್ಲಿ ಅಂಟಿಕೊಳ್ಳುವ ರೆಸೆಪ್ಟರ್‌ಗಳನ್ನು ಪತ್ತೆ ಮಾಡಿದರು. ಮಾರ್ಫಿನ್ ಅಲ್ಲಿ ಕೂತರೆ ನರಕೋಶ ಮಂದವಾಗುತ್ತದೆ, ನೋವಿನ ಸಂದೇಶ ತಗ್ಗುತ್ತದೆ. ದಿನವೂ ಹೀಗಾದರೆ ರೆಸೆಪ್ಟರ್ ಸರಿಯಾಗಿ ಸ್ಪಂದಿಸುವುದಿಲ್ಲ. ಅದೇ ಡೋಸ್ ಸಾಲದು. ಅತ್ತ ಕೋಶವೂ ಸುಮ್ಮನಿರದೆ, ಮಾರ್ಫಿನ್ ತಗ್ಗಿಸಿದ ಒಳಗಿನ ರಾಸಾಯನಿಕ ಚಟುವಟಿಕೆಯನ್ನು ಏರಿಸಿಕೊಳ್ಳುತ್ತದೆ. ಆಮೇಲೆ ಔಷಧ ಕೇವಲ ಮಾಮೂಲಿಯಾಗಿರಲು ಬೇಕು. ತಟ್ಟನೆ ನಿಲ್ಲಿಸಿದರೆ ಏರಿಸಿಕೊಂಡದ್ದೆಲ್ಲ ಒಮ್ಮೆಗೇ ಹೊರಬೀಳುತ್ತದೆ: ಮೈಕೈ ನೋವು, ಬೆವರು, ಭೇದಿ, ನಿದ್ದೆಗೇಡು. ಕೆಲವರಿಗಂತೂ ನೋವು ತಗ್ಗಿಸಬೇಕಾದ ಔಷಧದಿಂದಲೇ ನೋವಿನ ಸಂವೇದನೆ ಹೆಚ್ಚುತ್ತದೆ. ಮನಸ್ಸು ಗಟ್ಟಿ ಮಾಡಿದರೆ ಚಟ ಬಿಡಬಹುದು ಎನ್ನುವವರನ್ನು ಕಂಡರೆ ನನಗೆ ಈಗ ಸಿಟ್ಟು ಬರುತ್ತದೆ. ಹಾಲ್‌ಸ್ಟೆಡ್‌ಗಿಂತ ಗಟ್ಟಿ ಮನಸ್ಸು ಬೇಕೆ?

1898ರ ಹೊತ್ತಿಗೆ ಅವರು ಡೋಸ್ ಅರ್ಧಕ್ಕೆ ಇಳಿಸಿದ್ದರಂತೆ. ಅಷ್ಟಕ್ಕೇ ವರ್ಷಗಳು ಹಿಡಿದವು. ನನಗೆ ಗ್ಲೌಸ್‌ಗಿಂತ ಇದೇ ದೊಡ್ಡ ಸಾಧನೆ. ನಿಧಾನವಾಗಿ ಇಳಿಸಿದ್ದೂ ಸರಿಯೇ. ಇನ್ನೊಂದು ಅಪಾಯವಿದೆ: ಕೆಲಕಾಲ ಬಿಟ್ಟವರ ದೇಹ ಹಳೆಯ ಡೋಸ್ ತಾಳುವ ಶಕ್ತಿ ಕಳೆದುಕೊಂಡಿರುತ್ತದೆ. ಮತ್ತೆ ಅಷ್ಟೇ ತೆಗೆದುಕೊಂಡರೆ ಪ್ರಾಣವೇ ಹೋಗಬಹುದು.

1922ರಲ್ಲಿ ಪಿತ್ತನಾಳದ ಕಲ್ಲಿಗೆ ತಮ್ಮ ಶಿಷ್ಯರಿಂದಲೇ ಆಪರೇಷನ್ ಮಾಡಿಸಿಕೊಂಡ ಹಾಲ್‌ಸ್ಟೆಡ್, ಅದಾದ ಮೇಲೆ ಚೇತರಿಸಿಕೊಳ್ಳಲಿಲ್ಲ. ಆಸ್ಲರ್ ಬರೆದಿಟ್ಟದ್ದನ್ನು ತೆರೆದದ್ದು 1969ರಲ್ಲಿ.