ಮಿಲೇವಾ ಮಾರಿಚ್: ಗೋಡೆ ಮೇಲಿಲ್ಲದ ಫೋಟೋ

ನಮ್ಮ ಹಾಸ್ಟೆಲ್ ಗೋಡೆ ಮೇಲೆ ಐನ್‌ಸ್ಟೈನ್ ಇದ್ದಾರೆ, ಮಿಲೇವಾ ಮಾರಿಚ್ ಇಲ್ಲ. 1875ರಲ್ಲಿ ಸರ್ಬಿಯನ್ ಕುಟುಂಬದಲ್ಲಿ ಹುಟ್ಟಿದ ಇವರು ಜ್ಯೂರಿಕ್ ಪಾಲಿಟೆಕ್ನಿಕ್‌ನಲ್ಲಿ ಅವರ ಕ್ಲಾಸ್‌ಮೇಟ್. ಡಿಪ್ಲೊಮಾ ಪರೀಕ್ಷೆ ಎರಡು ಸಲ ಫೇಲ್ (ಆ ಸಂಕಟ ನಮಗೂ ಗೊತ್ತು). 1903ರಲ್ಲಿ ಮದುವೆ, 1919ರಲ್ಲಿ ವಿಚ್ಛೇದನ.

ಕಿರಿಮಗ ಎಡ್ವರ್ಡ್ ಮೆಡಿಕಲ್ ಓದುತ್ತಿದ್ದಾಗ, ನಮ್ಮದೇ ವಯಸ್ಸಲ್ಲಿ, ಸ್ಕಿಜೋಫ್ರೀನಿಯಾ ಶುರುವಾಯ್ತು. ಮಿಲೇವಾ ತಂಗಿ ಜೋರ್ಕಾಗೂ ಮಾನಸಿಕ ಕಾಯಿಲೆ ಇತ್ತಲ್ಲ, ಐನ್‌ಸ್ಟೈನ್ ಇದನ್ನ ತಾಯಿ ಕಡೆಯ ಬಳುವಳಿ ಅಂತ ತೀರ್ಮಾನಿಸಿಬಿಟ್ಟರು. ಲೆಕ್ಕ ಅಷ್ಟು ಸುಲಭವಲ್ಲ. ಇದರಲ್ಲಿ ನೂರಾರು ಜೀನ್ ವ್ಯತ್ಯಾಸಗಳಿವೆ, ಹೆಚ್ಚಿನವುಗಳ ಪಾಲು ಚೂರೇ ಚೂರು. ಅವು ಅಪ್ಪನಿಂದಲೂ ಬರುತ್ತವೆ. ತದ್ರೂಪಿ ಅವಳಿಗಳಲ್ಲೂ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರಲೇಬೇಕೆಂದಿಲ್ಲ.

1933ರಲ್ಲಿ ಅಮೆರಿಕಕ್ಕೆ ಹೋದ ಅಪ್ಪ ಮಗನನ್ನು ಮತ್ತೆ ನೋಡಲಿಲ್ಲ. ಅಮ್ಮ ನೊಬೆಲ್ ದುಡ್ಡಲ್ಲಿ ಕೊಂಡಿದ್ದ ಮನೆ ಮಾರಿ ನೋಡಿಕೊಂಡರು. 1948ರಲ್ಲಿ ತೀರಿಕೊಂಡರು, ಎಡ್ವರ್ಡ್ 1965ರಲ್ಲಿ, ಜ್ಯೂರಿಕ್‌ನ ಮನೋರೋಗ ಆಸ್ಪತ್ರೆಯಲ್ಲಿ.