ಮೇರಿ ಜೋನ್ಸಳ ಆರು ವರ್ಷಗಳು

ಸತ್ಯವೇದವೊಂದನ್ನು ಕೊಂಡುಕೊಳ್ಳುವುದಕ್ಕಾಗಿ ಬರಿಗಾಲಿನಲ್ಲಿ ಬೆಟ್ಟಗಳನ್ನು ದಾಟಿ ನಡೆದ ವೇಲ್ಸ್ ದೇಶದ ಹುಡುಗಿಯ ಸಂಗತಿಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಬಲ್ಲರು. ಆದರೆ ಸಾಮಾನ್ಯವಾಗಿ ನೆನಪಿನಲ್ಲಿ ಉಳಿಯುವುದು ಆ ನಡಿಗೆಯೊಂದೇ. ಅದಕ್ಕಿಂತ ಮುಂಚಿನ ಆರು ವರ್ಷಗಳೇ ನಮಗೆ ಹೆಚ್ಚಿನವಾಗಿ ತೋರುವವು.

ಮೇರಿಯು 1784ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಕೇಡರ್ ಇದ್ರಿಸ್ ಎಂಬ ಬೆಟ್ಟದ ತಪ್ಪಲಿನ ಹಳ್ಳಿಯಲ್ಲಿ ಹುಟ್ಟಿದಳು. ತಂದೆಯು ನೇಕಾರನು, ಮಗಳು ಇನ್ನೂ ಚಿಕ್ಕವಳಿರುವಾಗಲೇ ಅವನು ತೀರಿಕೊಂಡನು. ತಾಯಿಮಕ್ಕಳ ಜೀವನವು ಬಹು ಬಡತನದಲ್ಲಿ ಸಾಗಿತು. ಆ ಕಾಲದಲ್ಲಿ ಬಾಲಾ ಪಟ್ಟಣದ ಥಾಮಸ್ ಚಾರ್ಲ್ಸ್ ಅಯ್ಯನವರು ಸಂಚಾರಿ ಶಾಲೆಗಳನ್ನು ಏರ್ಪಡಿಸಿದ್ದರು. ಉಪಾಧ್ಯಾಯನು ಒಂದು ಊರಿನಲ್ಲಿ ಕೆಲವು ತಿಂಗಳು ನಿಂತು ಓದು ಕಲಿಸಿ ಮುಂದಿನ ಊರಿಗೆ ಹೋಗುವನು. ಅಂಥ ಶಾಲೆಯೊಂದು ಸಮೀಪಕ್ಕೆ ಬಂದಾಗ ಮೇರಿಯು ಓದು ಕಲಿತಳು. ಕಲಿತ ಮೇಲೆ ಓದುವುದೇನನ್ನು? ಮನೆಯಲ್ಲಿ ಗ್ರಂಥವಿರಲಿಲ್ಲ. ದೂರದ ಒಕ್ಕಲಿನವರೊಬ್ಬರ ಮನೆಯಲ್ಲಿ ಸತ್ಯವೇದವಿದ್ದಿತು. ಅಲ್ಲಿಗೆ ಹೋಗಿ ಓದಿ ಬರುತ್ತಿದ್ದಳು.

ತನ್ನದೇ ಆದ ಒಂದು ಪ್ರತಿ ಬೇಕೆಂಬ ಆಶೆಯು ಆಗ ಹುಟ್ಟಿತು. ಕೋಳಿಮೊಟ್ಟೆ ಮಾರಿ, ನೆರೆಯವರ ಮಕ್ಕಳನ್ನು ನೋಡಿಕೊಂಡು, ಬಟ್ಟೆ ಹೊಲಿದುಕೊಟ್ಟು ಆಕೆಯು ಕಾಸಿಗೆ ಕಾಸು ಕೂಡಿಸಿದಳೆಂದು ಹೇಳುತ್ತಾರೆ. ಅಡಿಗೆಮನೆಯಲ್ಲಿ ಕೊರತೆಯಿರುವಾಗ ಕೂಡಿಟ್ಟ ಕಾಸನ್ನು ಮುಟ್ಟದಿರುವುದು ಎಷ್ಟು ಕಷ್ಟವೆಂಬುದನ್ನು ಮನೆ ನಡೆಸುವ ನಮ್ಮ ತಾಯಂದಿರಿಗೆ ವಿವರಿಸಬೇಕಾಗಿಲ್ಲ. ಮಗಳ ಆಶೆಗೆ ಅಡ್ಡಬಾರದೆ ಇದ್ದ ಆ ತಾಯಿಯ ತಾಳ್ಮೆಯನ್ನೂ ಇಲ್ಲಿ ನೆನೆಯುವುದು ಯುಕ್ತ. ಹಣ ಕೂಡಿದರೂ ಗ್ರಂಥ ದೊರೆಯುವ ನಿಶ್ಚಯವಿರಲಿಲ್ಲ. ವೆಲ್ಷ್ ಭಾಷೆಯ ಸತ್ಯವೇದವು 1799ರಲ್ಲಿ 10,000 ಪ್ರತಿ ಅಚ್ಚಾಗಿದ್ದರೂ ಅವು ಬೇಗನೆ ಮುಗಿಯುತ್ತಾ ಬಂದಿದ್ದವು. ಸಿಕ್ಕುವುದೋ ಇಲ್ಲವೋ ಅರಿಯದೆ ಆಕೆಯು ಕೂಡಿಡುತ್ತಲೇ ಇದ್ದಳು. ನಂಬಿಕೆ ಎಂದು ನಾವು ಕರೆಯುವುದು ಇದನ್ನೇ.

1800ನೆಯ ಇಸವಿಯಲ್ಲಿ ಮೇರಿಯು ಸುಮಾರು 25 ಮೈಲಿ ನಡೆದು ಬಾಲಾ ಪಟ್ಟಣವನ್ನು ಸೇರಿದಳು. ಬೇರೊಬ್ಬರಿಗಾಗಿ ತೆಗೆದಿರಿಸಿದ್ದ ಪ್ರತಿಯನ್ನೇ ಅಯ್ಯನವರು ಆಕೆಯ ಕಣ್ಣೀರಿಗೆ ಕರಗಿ ಕೊಟ್ಟರೆಂಬುದು ಪ್ರಸಿದ್ಧವಾದ ಕಥೆ. ಆಗ ಪ್ರತಿಗಳೇ ಇರಲಿಲ್ಲ, ಅವು ಬರುವ ತನಕ ಎರಡು ದಿನ ಅಲ್ಲಿಯೇ ಕಾದಿದ್ದು ಪಡೆದಳು ಎಂಬುದು ಇನ್ನೊಂದು. ಮೊದಲನೆಯದು ಕೇಳುವುದಕ್ಕೆ ಇಂಪು. ನಮಗಾದರೋ ಎರಡನೆಯದೇ ಹಿಡಿಸುವುದು. ಆರು ವರ್ಷ ಕಾದವಳಿಗೆ ಇನ್ನೂ ಎರಡು ದಿನ!

1802ರಲ್ಲಿ ಚಾರ್ಲ್ಸ್ ಅಯ್ಯನವರು ಲಂಡನ್ ನಗರಕ್ಕೆ ಹೋಗಿ ತಮ್ಮ ಜನರಿಗೆ ಗ್ರಂಥದ ಅಭಾವವಿರುವುದನ್ನು ತಿಳಿಸಿದರು. ಆ ಆಲೋಚನೆಯಿಂದ 1804ರ ಮಾರ್ಚ್ 7ರಂದು ಬ್ರಿಟಿಷ್ ಮತ್ತು ವಿದೇಶೀ ಬೈಬಲ್ ಸಂಘವು ಸ್ಥಾಪಿತವಾಯಿತು. ಇದೆಲ್ಲವೂ ಮೇರಿಯೊಬ್ಬಳಿಂದಲೇ ಆಯಿತೆನ್ನುವುದು ಅತಿಶಯವಾದೀತು. ಆಕೆಯಂತೆ ಕಾದಿದ್ದವರು ವೇಲ್ಸಿನಲ್ಲಿ ಬಹು ಮಂದಿ ಇದ್ದರು. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಅಯ್ಯನವರು ಆರಂಭಿಸಿದ ಕನ್ನಡ ಸತ್ಯವೇದದ ಕೆಲಸಕ್ಕೂ ಆ ಸಂಘದ ನೆರವು ದೊರೆಯಿತು.

ಮೇರಿಯ ಮುಂದಿನ ಬಾಳು ಸುಖದ್ದಾಗಿರಲಿಲ್ಲ. 1813ರಲ್ಲಿ ಥಾಮಸ್ ಲೂಯಿಸನೆಂಬ ನೇಕಾರನನ್ನು ಮದುವೆಯಾಗಿ, ಬಳಿಕ ಬ್ರಿನ್‌ಕ್ರಿಗ್ ಎಂಬ ಊರಿನಲ್ಲಿ ನೆಲೆಸಿದಳು. ಹೆತ್ತ ಮಕ್ಕಳಲ್ಲಿ ಹೆಚ್ಚಿನವರು ಆಕೆಯ ಕಣ್ಣೆದುರಿಗೇ ತೀರಿಕೊಂಡರು. ಬೇಡಿದ್ದು ಬಾಲ್ಯದಲ್ಲಿ ಕೈಗೆ ಬಂದಿತೆಂದು ಮಿಕ್ಕ ದುಃಖಗಳಿಗೆ ವಿನಾಯಿತಿಯೇನೂ ದೊರೆಯಲಿಲ್ಲ. ಆದರೂ ಜೇನು ಸಾಕಿ, ಬಂದ ಹಣದಲ್ಲಿ ಒಂದು ಪಾಲನ್ನು ಸಂಘಕ್ಕೆ ಕಳುಹಿಸುತ್ತಿದ್ದಳು. ಚೀನಾ ದೇಶದವರಿಗೆ ಹೊಸ ಒಡಂಬಡಿಕೆಗಳನ್ನು ಕಳುಹಿಸುವ ನಿಧಿಗೆ ಅರ್ಧ ಸವರನ್ನು ಕೊಟ್ಟಳೆಂಬುದನ್ನೂ ಆಕೆಯ ಚರಿತ್ರೆಯಲ್ಲಿ ಕಾಣುತ್ತೇವೆ.

1864ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ, 80 ವರ್ಷ ತುಂಬಿದವಳಾಗಿ ಮೇರಿಯು ತೀರಿಕೊಂಡಳು. ಬ್ರಿನ್‌ಕ್ರಿಗ್‌ನಲ್ಲಿ ಆಕೆಯ ಸಮಾಧಿಯಿದೆ. ಆಕೆ ಕೊಂಡ ಆ ಗ್ರಂಥವು ಈಗ ಕೇಂಬ್ರಿಜ್ ವಿಶ್ವವಿದ್ಯಾಲಯದ ಪುಸ್ತಕಾಲಯದಲ್ಲಿದೆ. ಇದನ್ನು ತನ್ನ 16ನೆಯ ವಯಸ್ಸಿನಲ್ಲಿ ಕೊಂಡೆನೆಂದು ಅದರ ಒಂದು ಪುಟದಲ್ಲಿ ಆಕೆಯು ತನ್ನ ಕೈಯಿಂದಲೇ ಬರೆದಿಟ್ಟಿದ್ದಾಳೆ.