ಹಾಡುವ ಯಂತ್ರದ ಕುಶಲಕರ್ಮಿ ಎಲ್ಡ್ರಿಜ್ ಜಾನ್ಸನ್

ಕಹಳೆಯ ಮುಂದೆ ಕಿವಿಗೊಟ್ಟು ಕುಳಿತ ನಾಯಿಯ ಚಿತ್ರವನ್ನು ಕಾಣದವರು ಹಿಂದಿನ ತಲೆಮಾರಿನಲ್ಲಿ ವಿರಳ. ಗ್ರಾಮಫೋನ್ ಪೆಟ್ಟಿಗೆಯ ಮೇಲೂ, ಹಾಡಿನ ತಟ್ಟೆಯ ನಡುವಣ ಕಾಗದದ ಮೇಲೂ ಆ ನಾಯಿ ಮನೆಮನೆಗೆ ಬಂದಿತ್ತು. ಅದನ್ನು ಬರೆದವನು ಫ್ರಾನ್ಸಿಸ್ ಬರೋ ಎಂಬ ಆಂಗ್ಲ ಚಿತ್ರಕಾರನೆಂದು ಕೆಲವರಾದರೂ ಬಲ್ಲರು. ಆದರೆ ನಾಯಿಯ ಮುಂದಿರುವ ಆ ಯಂತ್ರವು ಯಾರ ಕೈಯಲ್ಲಿ ರೂಪುಗೊಂಡಿತೆಂದು ಕೇಳಿದವರು ಕಡಮೆ. ಅದು ಅಮೆರಿಕದ ನ್ಯೂಜೆರ್ಸಿ ಪ್ರಾಂತ್ಯದ ಕ್ಯಾಮ್ಡನ್ ಪಟ್ಟಣದಲ್ಲಿ, ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ ಒಂದು ಕಾರ್ಖಾನೆಯಲ್ಲಿ ಹುಟ್ಟಿದ ಮಾದರಿ. ಆ ಕಾರ್ಖಾನೆಯ ಒಡೆಯನೇ ಎಲ್ಡ್ರಿಜ್ ರೀವ್ಸ್ ಜಾನ್ಸನ್.

ಜಾನ್ಸನ್ 1867ನೆಯ ಇಸವಿ ಫೆಬ್ರವರಿ 6ರಂದು ಡೆಲಾವೇರ್ ಪ್ರಾಂತ್ಯದ ವಿಲ್ಮಿಂಗ್ಟನ್ನಿನಲ್ಲಿ ಜನಿಸಿದನು. ಎಳವೆಯಲ್ಲಿಯೇ ತಾಯಿ ಕ್ಯಾರೊಲಿನ್ ತೀರಿಕೊಂಡಳು. ಮಗು ಚಿಕ್ಕಮ್ಮನ ಆಸರೆಯಲ್ಲಿ, ಹೊಲಮನೆಯೊಂದರಲ್ಲಿ ಬೆಳೆಯಿತು. ಮುಂದೆ ಡೋವರ್ ಪಟ್ಟಣದ ಅಕಾಡೆಮಿಯಲ್ಲಿ ವಿದ್ಯಾಭ್ಯಾಸ ನಡೆಯಿತು. ಹುಡುಗನಿಗೆ ಕಾಲೇಜು ಸೇರುವ ಹಂಬಲವಿತ್ತು. 1882ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ ಓದು ಮುಗಿದಾಗ ಆ ಶಾಲೆಯ ಮುಖ್ಯಸ್ಥನು, ಇವನ ಮಂದಬುದ್ಧಿಗೆ ಕಾಲೇಜು ಸಲ್ಲದು, ಯಾವುದಾದರೊಂದು ಕೈಕಸಬು ಕಲಿಯಲೆಂದು ನಿರ್ದಾಕ್ಷಿಣ್ಯವಾಗಿ ತೀರ್ಪಿತ್ತನು. ಮರುವರ್ಷವೇ ಹುಡುಗನನ್ನು ಫಿಲಡೆಲ್ಫಿಯಾದ ಯಂತ್ರದುರಸ್ತಿ ಅಂಗಡಿಯೊಂದಕ್ಕೆ ಅಪ್ರೆಂಟಿಸನಾಗಿ ಕಳುಹಿಸಲಾಯಿತು. ಬಾಯಿಪಾಠ ಒಪ್ಪಿಸಲಾರದವನನ್ನೆಲ್ಲ ದಡ್ಡನೆಂದು ಬಗೆಯುವ ಪದ್ಧತಿ ಒಂದು ದೇಶಕ್ಕೆ ಸೀಮಿತವಾದುದೇನೂ ಅಲ್ಲ.

ಅಂಗಡಿಯಲ್ಲಿ ಅವನು ಕಂಡದ್ದು ಬೇರೆಯೇ ಬಗೆಯ ಪಾಠ. ಕೆಟ್ಟು ಬಂದ ಯಂತ್ರವನ್ನು ಬಿಚ್ಚಿ, ಯಾವ ಭಾಗ ಸವೆದಿದೆ, ಏಕೆ ಸವೆದಿದೆ ಎಂದು ಅರಿತು, ಆ ಭಾಗವನ್ನು ಲೇಥಿನ ಮೇಲೆ ಹೊಸದಾಗಿ ಕಡೆದು ಕೂಡಿಸುವುದು. ತರುವಾಯ ಕ್ಯಾಮ್ಡನ್ನಿನ ಸ್ಕಲ್ ಎಂಬುವರ ಕಾರ್ಖಾನೆ ಸೇರಿದನು. ನಡುವೆ ಕೆಲಕಾಲ ಪಶ್ಚಿಮ ಪ್ರಾಂತ್ಯಗಳಲ್ಲಿ ಕೂಲಿನಾಲಿ ಮಾಡಿ ಅಲೆದನು. 1891ರಲ್ಲಿ ಹಿಂದಿರುಗಿ ಪಾಲುದಾರನಾದನು. 1894ರಲ್ಲಿ ಆ ಕಾರ್ಖಾನೆಯನ್ನೇ ಕೊಂಡನು.

1896ರಲ್ಲಿ ಅವನೆದುರಿಗೆ ಒಂದು ಗ್ರಾಮಫೋನ್ ಬಂದಿತು. ಅದು ಜರ್ಮನಿಯಿಂದ ಬಂದು ಅಮೆರಿಕದಲ್ಲಿ ನೆಲೆಸಿದ್ದ ಎಮಿಲ್ ಬರ್ಲಿನರನ ನಿರ್ಮಾಣ. ಅದನ್ನು ಕೈಯಿಂದ ತಿರುಗಿಸಬೇಕಿತ್ತು. ಕೈ ಬಳಲಿದರೆ ಗಾಯಕನ ಶ್ರುತಿ ಇಳಿಯುವುದು, ಅವಸರಿಸಿದರೆ ಏರುವುದು. ಅದರ ಧ್ವನಿಯನ್ನು ಜಾನ್ಸನ್ ಮುಂದೊಮ್ಮೆ ಗಂಟಲು ಕೆಟ್ಟು ನೆಗಡಿ ಹಿಡಿದ ಗಿಳಿಯ ಕಂಠಕ್ಕೆ ಹೋಲಿಸಿದ್ದುಂಟು. ಆದರೂ ಆ ಯಂತ್ರ ಅವನ ಮನಸ್ಸನ್ನು ಸೆಳೆಯಿತು. ಕೀಲಿ ಕೊಟ್ಟರೆ ತಾನಾಗಿ ತಿರುಗುವ, ಹೆಚ್ಚು ಬೆಲೆಯಿಲ್ಲದ ಸ್ಪ್ರಿಂಗಿನ ಮೋಟಾರನ್ನು ಅವನು ಸಿದ್ಧಪಡಿಸಿದನು. ಅದರ ವೇಗವನ್ನು ಹಿಡಿದಿಡುವುದು ಗವರ್ನರ್ ಎಂಬ ಪುಟ್ಟ ಸಾಧನ. ವೇಗ ಹೆಚ್ಚಿದಂತೆ ಅದರ ಗುಂಡುಗಳು ಹೊರಕ್ಕೆ ಚಿಮ್ಮಿ ಒಂದು ಬಿಲ್ಲೆಯನ್ನು ತಡೆಗೆ ಒತ್ತುತ್ತವೆ. ಉಜ್ಜಾಟದಿಂದ ವೇಗ ತಗ್ಗುತ್ತದೆ.

ಆ ಮೇಲೆ ಅವನ ದೃಷ್ಟಿ ಸೌಂಡ್ ಬಾಕ್ಸಿನತ್ತ ಹರಿಯಿತು. ಯಂತ್ರದ ಜೀವವೆಲ್ಲ ಇರುವುದು ಅಂಗೈಯಲ್ಲಿ ಅಡಗುವ ಈ ದುಂಡು ಡಬ್ಬಿಯಲ್ಲಿ. ಮುಳ್ಳು ತಟ್ಟೆಯ ಗೆರೆಯಲ್ಲಿ ಸಾಗುತ್ತ ಅತ್ತಿತ್ತ ನಡುಗುವುದು. ಆ ನಡುಕವನ್ನು ಒಂದು ಸಣ್ಣ ಸನ್ನೆಯು ತೆಳುವಾದ ಅಭ್ರಕದ ಬಿಲ್ಲೆಯ ನಡುವಿಗೆ ಮುಟ್ಟಿಸುವುದು. ಬಿಲ್ಲೆ ಗಾಳಿಯನ್ನು ಅಲುಗಿಸಿ ನಾದವನ್ನು ಕಹಳೆಗೆ ಒಪ್ಪಿಸುವುದು. ಬಿಲ್ಲೆಯನ್ನು ಎರಡು ರಬ್ಬರು ಬಳೆಗಳ ನಡುವೆ ಹಿಡಿದಿರಿಸಬೇಕು: ಬಿಗಿಯಾದರೆ ಧ್ವನಿ ಸೊರಗುತ್ತದೆ, ಸಡಿಲವಾದರೆ ಗೊರಗುಟ್ಟುತ್ತದೆ. ಆಲ್‌ಫ್ರೆಡ್ ಕ್ಲಾರ್ಕನೊಡಗೂಡಿ ಜಾನ್ಸನ್ ಈ ಡಬ್ಬಿಯನ್ನು ಸುಧಾರಿಸಿದನು. ಬರ್ಲಿನರನ ತಟ್ಟೆಗಳ ಮೂಲಪ್ರತಿಯನ್ನು ಸತುವಿನ ಮೇಲೆ ಆಮ್ಲದಿಂದ ಕೊರೆಯುತ್ತಿದ್ದರು. ಅದರಿಂದ ಸರಸರ ಸದ್ದು ಹೆಚ್ಚು. ಜಾನ್ಸನ್ ಗುಟ್ಟಾಗಿ ಪ್ರಯೋಗ ನಡೆಸಿ, ಮೇಣದ ಮೇಲೆ ಕೊರೆದು ಅಚ್ಚು ತೆಗೆಯುವ ವಿಧಾನವನ್ನು ಸಾಧಿಸಿದನು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನಳ ಗಾಯನವನ್ನು ಲಂಡನ್ನಿನ ಗ್ರಾಮಫೋನ್ ಕಂಪನಿಯವರು ಮುದ್ರಿಸಿಕೊಂಡದ್ದು ಮೇಣದ ಮೇಲೆಯೇ. ಆಕೆ ಕೊನೆಗಾಲವನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದು 1930ರಲ್ಲಿ ಅಲ್ಲಿಯೇ ಮಡಿದಳು.

1900ರಲ್ಲಿ ಬರ್ಲಿನರನಿಗೂ ಅವನ ಮಾರಾಟಗಾರನಿಗೂ ವ್ಯಾಜ್ಯ ಹುಟ್ಟಿ, ಅಮೆರಿಕದಲ್ಲಿ ಬರ್ಲಿನರನ ಯಂತ್ರಗಳ ಮಾರಾಟಕ್ಕೆ ತಡೆ ಬಿದ್ದಿತು. ಅವನಿಗಾಗಿ ಯಂತ್ರ ತಯಾರಿಸಲು ಬಂಡವಾಳ ತೊಡಗಿಸಿದ್ದ ಜಾನ್ಸನ್ ಬರಿಗೈಯಾಗುವ ಹೊತ್ತು. ಅವನು ತಾನೇ ಮಾರಾಟಕ್ಕೆ ಇಳಿದನು, ನ್ಯಾಯಾಲಯವನ್ನೂ ಎದುರಿಸಿ ಉಳಿದನು. 1901ರಲ್ಲಿ ವಿಕ್ಟರ್ ಟಾಕಿಂಗ್ ಮೆಷಿನ್ ಕಂಪನಿ ಸ್ಥಾಪನೆಯಾಯಿತು. ಅಲ್ಲಿಯವರೆಗೆ ಕಹಳೆಯ ಭಾರವೂ ಮುಳ್ಳಿನ ಮೇಲೆ ಬಿದ್ದು ತಟ್ಟೆ ಸವೆಯುತ್ತಿತ್ತು. ಕಹಳೆಯನ್ನು ಹಿಂದಿನ ಆಧಾರಕ್ಕೆ ಒಪ್ಪಿಸಿ, ನಡುವೆ ಕ್ರಮೇಣ ಅಗಲವಾಗುವ ಟೋನ್ ಆರ್ಮ್ ಎಂಬ ನಳಿಗೆಯನ್ನು ಅಳವಡಿಸಿದ ಮೇಲೆ ಆ ಹೊರೆ ತಪ್ಪಿತು. 1906ರಲ್ಲಿ ಕಹಳೆಯನ್ನೇ ಪೀಠೋಪಕರಣದೊಳಗೆ ಅಡಗಿಸಿದ ವಿಕ್ಟ್ರೋಲಾ ಹೊರಬಂದಿತು.

ಎರಡು ದಶಕಗಳ ವೈಭವದ ಅನಂತರ ರೇಡಿಯೋ ಬಂದಿತು. ಜಾನ್ಸನ್ ಆ ವೇಳೆಗೆ ಅಸ್ವಸ್ಥನಾಗಿ ಮನೋವ್ಯಥೆಗೆ ಒಳಗಾಗಿದ್ದನು. ಕಂಪನಿ ಎಚ್ಚೆತ್ತು ವಿದ್ಯುತ್ ಧ್ವನಿಮುದ್ರಣವನ್ನು ಕೈಗೊಂಡದ್ದು 1925ರಲ್ಲಿ, ತಡವಾಗಿ. 1927ರ ಆರಂಭದಲ್ಲಿ ಅವನು ತನ್ನ ಪಾಲನ್ನು ಬ್ಯಾಂಕಿನವರಿಗೆ ಮಾರಿದನು. ಕೈತುಂಬ ಹಣ ಬಂದಿತು, ಮಾಡಲು ಕೆಲಸವಿಲ್ಲ. ಲೂಯಿ ಕ್ಯಾರಲನ ಆಲಿಸ್ ಕಥೆಯ ಮೂಲ ಹಸ್ತಪ್ರತಿಯನ್ನು 1928ರಲ್ಲಿ ಕೊಂಡನು. ತಾಯಿಯ ಹೆಸರನ್ನೇ ಹೊತ್ತ ಕ್ಯಾರೊಲಿನ್ ಎಂಬ ತನ್ನ ನೌಕೆಯನ್ನು 1933ರಲ್ಲಿ ಸಾಗರತಳದ ಸಂಶೋಧನೆಗಾಗಿ ಸ್ಮಿತ್‌ಸೋನಿಯನ್ ಸಂಸ್ಥೆಗೆ ಒದಗಿಸಿದನು. 1945ನೆಯ ನವೆಂಬರ್ 14ರಂದು ನಿಧನ ಹೊಂದಿದನು.

ಅವನ ಯಂತ್ರಗಳು ಮಾತ್ರ ಇನ್ನೂ ಹಾಡುತ್ತಿವೆ. ಹಳೆಯ ಗ್ರಾಮಫೋನುಗಳನ್ನು ಸಜ್ಜುಗೊಳಿಸುವವರು ಮೊದಲು ಗಮನಿಸುವುದು ಸೌಂಡ್ ಬಾಕ್ಸಿನ ರಬ್ಬರು ಬಳೆಗಳನ್ನು. ಅವು ಕಾಲಕ್ರಮದಲ್ಲಿ ಕಲ್ಲಿನಂತಾಗಿರುತ್ತವೆ. ವಿಕ್ಟರ್ ಕಂಪನಿಯ ವಿದ್ಯುತ್ ಯಂತ್ರಗಳ ಪಿಕಪ್ಪಿನಲ್ಲಿ ಅಭ್ರಕದ ಬದಲು ಅಯಸ್ಕಾಂತ ಮತ್ತು ತಂತಿಸುರುಳಿಗಳಿದ್ದರೂ ರೋಗ ಅದೇ: ಕಬ್ಬಿಣದ ನಾಲಗೆಯನ್ನು ಹಿಡಿದ ರಬ್ಬರು ಗಡಸಾಗಿರುತ್ತದೆ. ಅದನ್ನು ಕೆರೆದು ತೆಗೆದು ಹೊಸದನ್ನು ಕೂಡಿಸಿ, ನಾಲಗೆಯನ್ನು ಧ್ರುವಗಳ ನಟ್ಟನಡುವೆ ನಿಲ್ಲಿಸುವುದು ತಾಳ್ಮೆಯ ಕೆಲಸ. ಅಗ್ಗದ ಸತುಮಿಶ್ರಲೋಹದಲ್ಲಿ ಎರಕ ಹೊಯ್ದ ಕೆಲವು ಭಾಗಗಳು ಉಬ್ಬಿ ಸೀಳಿರುತ್ತವೆ, ಅವಕ್ಕೆ ಮದ್ದಿಲ್ಲ. ಆದರೆ ಹಿತ್ತಾಳೆಯಲ್ಲಿ ಮಾಡಿದ ಹಳೆಯ ಡಬ್ಬಿಯ ಸ್ಕ್ರೂಗಳು ಒಂದು ಶತಮಾನ ಕಳೆದ ಮೇಲೂ ತಿರುಗಿ ಬರುತ್ತವೆ. ಅಭ್ರಕವನ್ನು ಒರೆಸಿ, ಹೊಸ ಬಳೆಗಳ ನಡುವೆ ಕೂರಿಸಿ, ಸನ್ನೆ ಸೇರುವೆಡೆಗೆ ಒಂದು ತೊಟ್ಟು ಜೇನುಮೇಣ ಹಾಕಿ, ಕೀಲಿ ಕೊಟ್ಟು, ಹೊಸ ಮುಳ್ಳನ್ನು ಇಳಿಸಿದರೆ ಸಾಕು.